‘ರಿಜಿಸ್ಟರ್ ಆಯ್ತಲ್ಲ, ಇನ್ನೇನು ಭಯ?’: ಮನೆ ಕೊಂಡು ಕಟ್ಟುವವರು ನಂಬುವ ಐದು ಮಾತು, ಅದರ ಹಿಂದಿನ ನಿಜ

ಕೊಳ್ಳೇಗಾಲದಲ್ಲಿ ಒಂದು ಹಳೇ ಮನೆ ಕೊಂಡು ರಿಪೇರಿ ಮಾಡಿಸಿ ಬಾಡಿಗೆಗೆ ಬಿಡೋಣ, ಇಲ್ಲವೇ ಹನೂರು ರಸ್ತೆಯಲ್ಲಿ ಒಂದು ಸೈಟು ಹಾಕಿಕೊಂಡು ಎರಡು ಮನೆ ಕಟ್ಟೋಣ. ಇಂಥ ಯೋಚನೆ ಮಾಡುವವರ ಮೊಬೈಲಿಗೆ ಸಲಹೆಗಳೂ ತಾನಾಗಿ ಬರುತ್ತವೆ. ‘ಬೆಲ್ಲ ಹಾಕಿದರೆ ಸಿಮೆಂಟು ಕಬ್ಬಿಣದಂತೆ ಆಗುತ್ತೆ’, ‘ಎಂ ಸ್ಯಾಂಡ್ ಮನೆ ಹತ್ತು ವರ್ಷ ಬಾಳಲ್ಲ’, ‘ಇಸಿ ಕ್ಲಿಯರ್ ಇದ್ದರೆ ಕಣ್ಣು ಮುಚ್ಚಿ ಕೊಳ್ಳಿ’. ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದು ಮನೆ ಎಂದರೆ ಹೆಚ್ಚಿನವರಿಗೆ ಇಪ್ಪತ್ತು ವರ್ಷದ ಉಳಿತಾಯ. ಹಾಗಾಗಿ ಒಂದೊಂದನ್ನೇ ನೋಡೋಣ.

ಮಾತು 1: ರಿಜಿಸ್ಟರ್ ಆದರೆ ಆಸ್ತಿ ನಮ್ಮದೇ

ಅರ್ಧ ನಿಜ. ನೋಂದಣಿ ಎಂದರೆ ಇಂಥವರು ಇಂಥವರಿಗೆ ಈ ಪತ್ರ ಬರೆದುಕೊಟ್ಟರು ಎಂಬುದಕ್ಕೆ ಸರ್ಕಾರಿ ದಾಖಲೆ. ಬರೆದುಕೊಟ್ಟವರಿಗೆ ಮಾರುವ ಹಕ್ಕು ಇತ್ತೇ ಎಂಬುದಕ್ಕೆ ಅದು ಗ್ಯಾರಂಟಿ ಅಲ್ಲ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ನೀವು ಕೇಳಿದ ವರ್ಷಗಳಲ್ಲಿ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಅಗ್ರಿಮೆಂಟು, ಅಣ್ಣತಮ್ಮಂದಿರ ಭಾಗದ ತಕರಾರು ಅದರಲ್ಲಿ ಕಾಣದೇ ಇರಬಹುದು.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದದ್ದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಅವರ ಕೈತಪ್ಪಬಾರದೆಂದು 1978ರಲ್ಲಿ ಒಂದು ಕಾಯ್ದೆ ಬಂತು. ಜನ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. ಅಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, ರಿಜಿಸ್ಟರ್ ಆಗಿದ್ದರೂ ಆ ಕ್ರಯ ನಿಲ್ಲುವುದಿಲ್ಲ. ಜಮೀನು ಮೂಲ ಕುಟುಂಬಕ್ಕೆ ವಾಪಸ್ ಹೋಗುತ್ತದೆ. 2023ರ ತಿದ್ದುಪಡಿಯ ನಂತರ ‘ತುಂಬ ವರ್ಷ ಆಯ್ತು’ ಎಂಬ ಸಬೂಬನ್ನು ನೆಚ್ಚಿಕೊಳ್ಳುವ ಹಾಗೂ ಇಲ್ಲ. ಅದಕ್ಕೇ ಪಹಣಿಯಲ್ಲಿ ಜಮೀನು ಮಾರುವವರಿಗೆ ಹೇಗೆ ಬಂತು ಎಂಬ ಕಲಂ ಓದಿ. ‘ಮಂಜೂರು’ ಎಂದಿದ್ದರೆ ಮೂಲ ಸಾಗುವಳಿ ಚೀಟಿ ಕೇಳಿ, ವಕೀಲರಿಗೆ ತೋರಿಸಿ.

ಇನ್ನೂ ಎರಡು ಪ್ರಶ್ನೆ ಕೇಳಿ. ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆ ಆಗಿದೆಯೇ? ಖಾತೆ ಯಾವ ಬಗೆಯದು? ‘ಬಿ’ ಖಾತೆ ಎಂದರೆ ಆಸ್ತಿ ತೆರಿಗೆ ಪಟ್ಟಿಗೆ ಸೇರಿದೆ ಎಂದರ್ಥ. ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಲ್ಲ. ಬಡಾವಣೆಯ ವಿಸ್ತೀರ್ಣ 500 ಚದರ ಮೀಟರ್ ದಾಟಿದ್ದರೆ ರೇರಾ ನೋಂದಣಿ ಸಂಖ್ಯೆಯನ್ನೂ ಕೇಳಿ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆ, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಂಸ್ಟೇ ಕನಸು ಕಾಣುವವರು, ಆ ಜಾಗ ಕಾಡಂಚಿನ ಪರಿಸರ ಸೂಕ್ಷ್ಮ ವಲಯಕ್ಕೆ ಬರುತ್ತದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು.

ಮಾತು 2: ಹೊಳೆ ದೂರ ಇದೆ, ಏನೂ ಆಗಲ್ಲ

ಸೈಟು ತೋರಿಸುವವರು ಸಾಮಾನ್ಯವಾಗಿ ಬೇಸಿಗೆಯಲ್ಲಿ ತೋರಿಸುತ್ತಾರೆ. ಕೆಆರ್‌ಎಸ್ ಮತ್ತು ಕಬಿನಿಯಿಂದ ಒಟ್ಟಿಗೆ ನೀರು ಬಿಟ್ಟಾಗ ಏನಾಗುತ್ತದೆ ಎಂದು ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರದವರನ್ನು ಕೇಳಿ. 2018 ಮತ್ತು 2019ರ ಆಗಸ್ಟಿನಲ್ಲಿ ಕಾವೇರಿ ಈ ಊರುಗಳ ಹೊಲಕ್ಕೆ, ಬೀದಿಗೆ ಬಂದಿತ್ತು. ಯಳಂದೂರು ಕಡೆ ಸುವರ್ಣಾವತಿ ಹೊಳೆಯ ಪಾತ್ರವನ್ನೂ ಕೆರೆಕೋಡಿಯ ದಾರಿಯನ್ನೂ ನೋಡಬೇಕು. ಅಕ್ಕಪಕ್ಕದ ಹಿರಿಯರಲ್ಲಿ ‘ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿ, ಅದಕ್ಕಿಂತ ಎತ್ತರಕ್ಕೆ ನೆಲಮಟ್ಟ ಇಡಿ.

ಎರಡನೆಯದು ಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಕೆಮ್ಮಣ್ಣಿನ ಲೆಕ್ಕದಲ್ಲಿ ತೋಡಿದ ಬುನಾದಿಯನ್ನು ಅಲ್ಲಿ ಹಾಕಿದರೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ನೆಲ ಬೆರಳು ತೂರುವಷ್ಟು ಬಾಯಿ ಬಿಟ್ಟಿದ್ದರೆ, ಪಾಯ ತೆಗೆಯುವ ಮುನ್ನ ಎಂಜಿನಿಯರ್ ಒಬ್ಬರಿಂದ ಮಣ್ಣು ಪರೀಕ್ಷೆ ಮಾಡಿಸಿ. ಆ ಖರ್ಚು ಬಿರುಕು ಮುಚ್ಚಿಸುವ ಖರ್ಚಿಗಿಂತ ಕಡಿಮೆಯೇ.

ಮಾತು 3: ಎಂ ಸ್ಯಾಂಡ್ ಮನೆ ಬಾಳಲ್ಲ

ಸುಳ್ಳು. ಎಂ ಸ್ಯಾಂಡ್ ಎಂದರೆ ಗಟ್ಟಿ ಕಲ್ಲನ್ನು ಯಂತ್ರದಲ್ಲಿ ಪುಡಿ ಮಾಡಿ, ಜರಡಿ ಹಿಡಿದು ತಯಾರಿಸಿದ ಮರಳು. ಭಾರತೀಯ ಮಾನಕ ಐಎಸ್ 383 ಇದನ್ನು ಕಾಂಕ್ರೀಟಿಗೆ ಒಪ್ಪುತ್ತದೆ. ಕೆಟ್ಟ ಹೆಸರು ಬಂದಿರುವುದು ಕ್ರಷರ್ ದೂಳಿನಿಂದ. ಜಲ್ಲಿ ಒಡೆಯುವಾಗ ಉಳಿಯುವ ಆ ದೂಳನ್ನೇ ಎಂ ಸ್ಯಾಂಡ್ ಎಂದು ಮಾರಿದರೆ, ಅದು ಹೆಚ್ಚು ನೀರು ಕುಡಿಯುತ್ತದೆ, ಕಾಂಕ್ರೀಟು ಸಡಿಲವಾಗುತ್ತದೆ. ಮಾನಕದ ಪ್ರಕಾರ ಪುಡಿ ಮಾಡಿದ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇ 15ನ್ನು ಮೀರಬಾರದು.

ಲೋಡು ಇಳಿಸುವ ಮೊದಲು ಒಂದು ಹಿಡಿ ತೆಗೆದು ಉಜ್ಜಿ ನೋಡಿ. ಕೈಗೆ ಹಿಟ್ಟಿನಂತೆ ಮೆತ್ತಿದರೆ ಅನುಮಾನಿಸಿ, ಕ್ರಷರಿನವರಿಂದ ಪರೀಕ್ಷಾ ವರದಿ ಕೇಳಿ. ಗೋಡೆ ಗಿಲಾವಿಗೆ ಬೇರೆಯೇ ಆದ ನುಣುಪಿನ ಪಿ ಸ್ಯಾಂಡ್ ಸಿಗುತ್ತದೆ. ಕಾಂಕ್ರೀಟಿನದನ್ನು ಇದಕ್ಕೆ, ಇದನ್ನು ಕಾಂಕ್ರೀಟಿಗೆ ಹಾಕಬೇಡಿ.

ಮಾತು 4: ಬೆಲ್ಲ ಹಾಕಿದರೆ ಗಟ್ಟಿ, ಹಳೇ ಗೋಡೆಗೆ ಸಿಮೆಂಟ್ ಬಳಿದರೆ ಇನ್ನೂ ಗಟ್ಟಿ

ಈ ಮಾತಿಗೆ ಒಂದು ಹಳೆಯ ಬೇರು ಇದೆ. ಹಿಂದೆ ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಸೇರಿಸುತ್ತಿದ್ದರು. ಸುಣ್ಣಕ್ಕೆ ಅದು ಒಗ್ಗುತ್ತಿತ್ತು. ಸಿಮೆಂಟಿನ ರಸಾಯನವೇ ಬೇರೆ. ಅದು ನೀರಿನೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಸಕ್ಕರೆ ಅಂಶ ಆ ಕ್ರಿಯೆಗೆ ಅಡ್ಡ ಬರುತ್ತದೆ. ಚೂರು ಬಿದ್ದರೂ ಸೆಟ್ ಆಗುವುದು ತಡವಾಗುತ್ತದೆ, ಹೆಚ್ಚಾದರೆ ಕಾಂಕ್ರೀಟು ಹದಗೆಡುತ್ತದೆ.

ಹಳೇ ಮನೆ ರಿಪೇರಿಯಲ್ಲಿ ಇದೇ ತಪ್ಪು ತಿರುಗಿ ಆಗುತ್ತದೆ. ಮಣ್ಣು, ಸುಣ್ಣದ ಗೋಡೆ ನೆಲದಿಂದ ತೇವ ಹೀರಿ ಗಾಳಿಗೆ ಬಿಟ್ಟುಕೊಡುತ್ತಾ ಬದುಕುತ್ತದೆ. ಅದರ ಮೇಲೆ ದಪ್ಪ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮೊದಲ ವರ್ಷ ಗೋಡೆ ಹೊಸದರಂತೆ ಹೊಳೆಯುತ್ತದೆ. ಆಮೇಲೆ ಬಣ್ಣ ಉಬ್ಬಿ, ಉಪ್ಪು ಹೂವು ಬಿಟ್ಟು, ಗಿಲಾವು ಹಪ್ಪಳದಂತೆ ಕಳಚುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ಅದಕ್ಕೂ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಸೋರುವ ಹೆಂಚು, ಒಡೆದ ಪೈಪು, ಗೋಡೆಯ ಬುಡದಲ್ಲೇ ನಿಲ್ಲುವ ಮಳೆನೀರು ಸಾಮಾನ್ಯ ಕಾರಣಗಳು. ಹಳೇ ಮಣ್ಣಿನ ಗೋಡೆಯ ಮೇಲೆ ಇನ್ನೊಂದು ಮಹಡಿ ಏರಿಸುವ ಯೋಚನೆ ಇದ್ದರೆ, ಎಂಜಿನಿಯರ್ ನೋಡದೆ ಒಂದು ಇಟ್ಟಿಗೆಯನ್ನೂ ಇಡಬೇಡಿ.

ಮಾತು 5: ಮೂರು ದಿನ ನೀರು ಹೊಡೆದರೆ ಸಾಕು

ಸಾಲದು. ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ, ಬಾಡಿಗೆ ಬೇಗ ಶುರುವಾಗಲಿ ಎಂಬ ಆತುರವಿರುತ್ತದೆ. ಆದರೆ ಸಿಮೆಂಟಿಗೆ ನಮ್ಮ ಆತುರ ಗೊತ್ತಿಲ್ಲ. ಕಾಂಕ್ರೀಟಿನ ಬಲವನ್ನು ಅಳೆಯುವುದೇ 28ನೇ ದಿನ. ಐಎಸ್ 456 ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ತೇವ ಇರಬೇಕು. ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ ಅಥವಾ ಒಣ ಬಿಸಿಲಿದ್ದರೆ ಕನಿಷ್ಠ 10 ದಿನ, 14 ದಿನವಾದರೆ ಒಳ್ಳೆಯದು. ಚಾವಣಿಯ ಅಗಲ 4.5 ಮೀಟರ್ (ಸುಮಾರು 15 ಅಡಿ) ಒಳಗಿದ್ದರೆ ಕೆಳಗಿನ ಆನಿಕೆ ಕಂಬಗಳನ್ನು 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಮಿಶ್ರ ಸಿಮೆಂಟಾದರೆ ಇನ್ನೂ ಕಾಯಬೇಕು.

ಕಲಸುವಾಗ ಮಾತ್ರ ನೀರು ಕಡಿಮೆ ಇರಲಿ. 50 ಕೆ.ಜಿ. ಮೂಟೆಗೆ ಸುಮಾರು 25ರಿಂದ 27 ಲೀಟರ್ ಸಾಕು. ಸುಲಭವಾಗಿ ಹರಡಲೆಂದು ಇನ್ನೊಂದು ಬಿಂದಿಗೆ ಸುರಿದರೆ, ಆ ಹೆಚ್ಚುವರಿ ನೀರು ಆರಿಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಮುಂದೆ ಚಾವಣಿ ಸೋರುವುದು, ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದು ಅಲ್ಲಿಂದಲೇ.

ಹಾಗಾದರೆ ಏನು ಮಾಡಬೇಕು?

ಮುಂಗಡ ಕೊಡುವ ಮುನ್ನ ಮೂಲಪತ್ರ, ಪಹಣಿ, ಇಸಿ, ಖಾತೆ ನಾಲ್ಕನ್ನೂ ವಕೀಲರಿಗೆ ತೋರಿಸಿ. ಜಾಗವನ್ನು ಮಳೆಗಾಲದಲ್ಲಿ ಒಮ್ಮೆ ನೋಡಿ. ನಗರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಿಂದ ಕಟ್ಟಡ ಪರವಾನಗಿ ಪಡೆದೇ ಕೆಲಸ ಶುರು ಮಾಡಿ. ಮೋಲ್ಡ್ ಹಾಕುವ ದಿನ ನೀವೇ ನಿಂತು ನೀರಿನ ಬಿಂದಿಗೆ ಎಣಿಸಿ. ಮೇಸ್ತ್ರಿಗೆ ಬೇಸರವಾದರೂ ಪರವಾಗಿಲ್ಲ, ಆ ಚಾವಣಿಯ ಕೆಳಗೆ ನಾಳೆ ಮಲಗುವುದು ಬಾಡಿಗೆಯವರ ಮಕ್ಕಳು.

ಮನೆ ಕಟ್ಟುತ್ತಿರುವವರು ನಿಮ್ಮ ಗ್ರೂಪಿನಲ್ಲಿ ಯಾರಾದರೂ ಇದ್ದರೆ, ಬೆಲ್ಲದ ಫಾರ್ವರ್ಡ್ ಬದಲು ಇದನ್ನು ಕಳಿಸಿ.