ಒಂದು ದೇಶ, ಒಂದು ತೂಕ, ಒಂದೇ ಸೀಟು

2024ರ ಆಗಸ್ಟ್ 9ರ ರಾತ್ರಿ ನಮ್ಮ ಹಾಸ್ಟೆಲ್‌ನ ಟಿವಿ ಹಾಲ್‌ನಲ್ಲಿ ಕೂರೋಕೆ ಜಾಗ ಇರಲಿಲ್ಲ. ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ ಕಂಚಿನ ಪದಕಕ್ಕಾಗಿ ಆಡ್ತಿದ್ದರು. 13-5ರಿಂದ ಗೆದ್ದಾಗ ನಾವು ಹಾಕಿದ ಕೂಗಿಗೆ ವಾರ್ಡನ್ ಎದ್ದು ಬಂದರು. ಬೈಯೋದು ಬಿಟ್ಟು ನಮ್ಮ ಜೊತೆಗೇ ನಿಂತು ರೀಪ್ಲೇ ನೋಡಿದರು.

ಗಲಾಟೆ ಮುಗಿದ ಮೇಲೆ ನನ್ನ ರೂಮ್‌ಮೇಟ್ ಅಮನ್ ಎದುರಿಸಿದ ನಾಲ್ವರ ಹೆಸರು ಹುಡುಕಿ ತೆಗೆದ. ಮೊದಲನೆಯವರು ಉತ್ತರ ಮ್ಯಾಸಿಡೋನಿಯಾದ ವ್ಲಾದಿಮಿರ್ ಎಗೊರೊವ್, ಹುಟ್ಟಿದ್ದು ರಷ್ಯಾದಲ್ಲಿ. ಎರಡನೆಯವರು ಅಲ್ಬೇನಿಯಾದ ಜೆಲಿಮ್‌ಖಾನ್ ಅಬಕರೊವ್, 2022ರ ವಿಶ್ವ ಚಾಂಪಿಯನ್. ಅವರೂ ರಷ್ಯಾದವರೇ. ಕೊನೆಗೆ ಸೋತ ಪೋರ್ಟೊ ರಿಕೊದ ಡೇರಿಯನ್ ಕ್ರೂಜ್ ಹುಟ್ಟಿ ಬೆಳೆದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಸೆಮಿಫೈನಲ್‌ನಲ್ಲಿ ಅಮನ್‌ರನ್ನು ಸೋಲಿಸಿದ ಜಪಾನಿನ ರೀ ಹಿಗುಚಿ ಒಬ್ಬರೇ ತಾವು ಹುಟ್ಟಿದ ದೇಶದ ಬಾವುಟ ಹೊತ್ತಿದ್ದವರು.

"ಇವರೆಲ್ಲ ದುಡ್ಡಿಗೆ ದೇಶ ಬಿಟ್ಟವರಾ?" ಅಂತ ಕೇಳಿದ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ದುಡ್ಡಿಗಿಂತ ಮುಂಚೆ ನೋಡಬೇಕಾದದ್ದು ನಿಯಮವನ್ನ.

ಒಲಿಂಪಿಕ್ಸ್‌ನ 100 ಮೀಟರ್ ಓಟಕ್ಕೆ ಒಂದು ದೇಶದಿಂದ ಮೂವರವರೆಗೆ ಹೋಗಬಹುದು. ಕುಸ್ತಿಯಲ್ಲಿ ಒಂದು ತೂಕದ ವಿಭಾಗಕ್ಕೆ ಒಂದು ದೇಶದಿಂದ ಒಬ್ಬರೇ. ಸಿಇಟಿಯಲ್ಲಿ ಇಡೀ ರಾಜ್ಯಕ್ಕೆ ಒಂದು ಬ್ರಾಂಚ್‌ನಲ್ಲಿ ಒಂದೇ ಸೀಟು ಇದೆ ಅಂದುಕೊಳ್ಳಿ. ಮೊದಲ ರ‍್ಯಾಂಕಿನವನಿಗೆ ಸೀಟು, ಎರಡನೇ ರ‍್ಯಾಂಕಿನವನು ಮನೆಗೆ. ಪಕ್ಕದ ರಾಜ್ಯದಲ್ಲಿ ಅದೇ ಸೀಟು ಐದು ಸಾವಿರದ ರ‍್ಯಾಂಕಿಗೂ ಸಿಗ್ತಿದ್ರೆ ಆ ಎರಡನೆಯವನು ಏನು ಮಾಡ್ತಾನೆ? ಅದೂ ಸಾಲದು ಅಂತ ತೂಕಗಳೇ ಕಡಿಮೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪುರುಷರ ಫ್ರೀಸ್ಟೈಲ್‌ಗೆ ಹತ್ತು ವಿಭಾಗಗಳಿದ್ದರೆ ಒಲಿಂಪಿಕ್ಸ್‌ನಲ್ಲಿ ಆರೇ. 70 ಕೆಜಿ ಪೈಲ್ವಾನ್ 65ಕ್ಕೆ ಇಳಿಯಬೇಕು, ಇಲ್ಲಾಂದ್ರೆ 74ಕ್ಕೆ ಏರಬೇಕು. ಅಲ್ಲಿ ಮೊದಲೇ ಇನ್ನೊಬ್ಬ ನಿಂತಿರ್ತಾನೆ.

ಈ ಇಕ್ಕಟ್ಟು ಅತಿ ಹೆಚ್ಚು ಕಾಣೋದು ರಷ್ಯಾದ ದಾಗೆಸ್ತಾನದಲ್ಲಿ. ಕ್ಯಾಸ್ಪಿಯನ್ ಸಮುದ್ರದ ದಡದ ಈ ಗಣರಾಜ್ಯದ ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು, ಆದರೆ ಅಲ್ಲಿನ ಹುಡುಗರಿಗೆ ಕುಸ್ತಿ ಅಂದ್ರೆ ನಮ್ಮ ಗಲ್ಲಿಗಳಲ್ಲಿ ಕ್ರಿಕೆಟ್ ಇದ್ದ ಹಾಗೆ. ಪ್ಯಾರಿಸ್‌ನಲ್ಲಿ ಪುರುಷರ ಫ್ರೀಸ್ಟೈಲ್‌ನ ಆರು ಚಿನ್ನಗಳಲ್ಲಿ ಮೂರನ್ನು ಗೆದ್ದವರು ದಾಗೆಸ್ತಾನದಲ್ಲಿ ಹುಟ್ಟಿದವರು: 74 ಕೆಜಿಯಲ್ಲಿ ಉಜ್ಬೇಕಿಸ್ತಾನದ ರಜಂಬೆಕ್ ಜಮಾಲೊವ್, 86ರಲ್ಲಿ ಬಲ್ಗೇರಿಯಾದ ಮಗೊಮೆದ್ ರಮಜಾನೊವ್, 97ರಲ್ಲಿ ಬಹ್ರೇನ್‌ನ ಅಖ್ಮದ್ ತಜುದಿನೊವ್. ರಷ್ಯಾದಲ್ಲೇ ಉಳಿದಿದ್ದರೆ ತಜುದಿನೊವ್‌ಗೆ 97 ಕೆಜಿಯಲ್ಲಿ ಅಡ್ಡ ಇದ್ದವರು ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ಅಬ್ದುಲ್‌ರಶೀದ್ ಸದುಲಾಯೆವ್. ಜಮಾಲೊವ್‌ಗೆ ಟೋಕಿಯೊ ಚಾಂಪಿಯನ್ ಜೌರ್ಬೆಕ್ ಸಿದಾಕೊವ್.

2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಕುಸ್ತಿಪಟುಗಳಿಗೆ ಅಂತರರಾಷ್ಟ್ರೀಯ ಕಣದಿಂದ ನಿಷೇಧ ಬಿತ್ತು. ಪ್ಯಾರಿಸ್‌ಗೆ ಕೆಲವರಿಗೆ ತಟಸ್ಥರಾಗಿ ಆಡಲು ಆಹ್ವಾನ ಬಂದರೂ ಅಲ್ಲಿನ ಕುಸ್ತಿ ಫೆಡರೇಷನ್ ಬೇಡ ಅಂತು. ಹಾಗಾಗಿ ಇದ್ದ ಒಂದು ಸೀಟೂ ಹೋಯ್ತು.

ನನ್ನನ್ನು ಹೆಚ್ಚು ಕಾಡಿದ್ದು ಕ್ಯೂಬಾದ ಯಾಸ್ಮನಿ ಅಕೋಸ್ಟಾ ಕಥೆ. ಇವರದು ಗ್ರೀಕೋ-ರೋಮನ್, 130 ಕೆಜಿ. ಕ್ಯೂಬಾದಲ್ಲಿ ಆ ತೂಕ ಮಿಜೈನ್ ಲೋಪೆಜ್ ಅವರದು. ಬೀಜಿಂಗ್, ಲಂಡನ್, ರಿಯೊ, ಟೋಕಿಯೊ ಅಂತ ಸಾಲಾಗಿ ನಾಲ್ಕು ಚಿನ್ನ ಗೆದ್ದ ಮನುಷ್ಯ. ಅಕೋಸ್ಟಾ ಅವರ ಜೊತೆ ಅಭ್ಯಾಸ ಮಾಡ್ತಿದ್ದ ಜೋಡಿ. ಲೋಕದ ಅತ್ಯುತ್ತಮ ಪೈಲ್ವಾನನ ಪಟ್ಟುಗಳನ್ನು ದಿನಾ ಮೈಮೇಲೆ ತಗೊಳ್ಳೋದು, ಸ್ಪರ್ಧೆ ಬಂದಾಗ ಪಕ್ಕಕ್ಕೆ ಸರಿಯೋದು. 2015ರಲ್ಲಿ ಪ್ಯಾನ್ ಅಮೆರಿಕನ್ ಚಾಂಪಿಯನ್‌ಶಿಪ್‌ಗೆ ಅಂತ ಚಿಲಿಯ ಸ್ಯಾಂಟಿಯಾಗೊಗೆ ಹೋದವರು ವಾಪಸ್ ಬರಲಿಲ್ಲ. ಹೊಟ್ಟೆಪಾಡಿಗೆ ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡಿದರು. 2017ರಲ್ಲಿ ಚಿಲಿಗೆ ವಿಶ್ವ ಚಾಂಪಿಯನ್‌ಶಿಪ್‌ನ ಕಂಚು ತಂದರು.

ಪ್ಯಾರಿಸ್ ಫೈನಲ್‌ನಲ್ಲಿ ಎದುರಿಗೆ ಬಂದದ್ದು ಯಾರು ಗೊತ್ತಾ? ಅದೇ ಲೋಪೆಜ್, ಆಗ ವಯಸ್ಸು 41. ಅಕೋಸ್ಟಾ 6-0ರಿಂದ ಸೋತರು. ಲೋಪೆಜ್ ಐದನೇ ಚಿನ್ನ ಗೆದ್ದು, ಬೂಟು ಬಿಚ್ಚಿ ಮ್ಯಾಟ್ ಮೇಲಿಟ್ಟು ನಿವೃತ್ತರಾದರು. ಆ ಬೂಟುಗಳ ಫೋಟೊವನ್ನ ನೀವೂ ನೋಡಿರ್ತೀರಿ. ಸೋತವರ ಹೆಸರು ನೆನಪಿರೋರು ಕಡಿಮೆ. ಆದರೆ ಅದು ಕುಸ್ತಿಯಲ್ಲಿ ಚಿಲಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ. ಕ್ಯೂಬಾದಲ್ಲೇ ಇದ್ದಿದ್ದರೆ ಅವರು ಆ ಫೈನಲ್ ಅನ್ನು ಬಹುಶಃ ಟಿವಿಯಲ್ಲಿ ನೋಡ್ತಿದ್ದರು.

ಹಾಗಂತ ದೇಶ ಬದಲಿಸೋದು ಸಿಮ್ ಪೋರ್ಟ್ ಮಾಡಿದಷ್ಟು ಸುಲಭ ಅಲ್ಲ. ಹೊಸ ದೇಶದ ಪೌರತ್ವ ಬೇಕೇ ಬೇಕು. ಹಳೇ ದೇಶದ ಪರ ಆಡಿದ್ದರೆ ಒಲಿಂಪಿಕ್ಸ್‌ಗೆ ಮೂರು ವರ್ಷ ಕಾಯಬೇಕು. ಎರಡೂ ದೇಶಗಳ ಒಲಿಂಪಿಕ್ ಸಮಿತಿಗಳು ಮತ್ತು ಅಂತರರಾಷ್ಟ್ರೀಯ ಫೆಡರೇಷನ್ ಒಪ್ಪಿದರೆ ಮಾತ್ರ ಈ ಅವಧಿ ಕಡಿಮೆಯಾಗಬಹುದು. ಅಂದ್ರೆ ಬಿಟ್ಟು ಹೋಗೋನ ಜುಟ್ಟು ಸ್ವಲ್ಪ ಕಾಲ ಹಳೇ ದೇಶದ ಕೈಲೇ ಇರುತ್ತೆ. ಕುಸ್ತಿಪಟುವಿನ ಒಳ್ಳೇ ವರ್ಷಗಳು ಹತ್ತೋ ಹನ್ನೆರಡೋ, ಅದರಲ್ಲಿ ಮೂರು ವರ್ಷ ಚಿಕ್ಕದಲ್ಲ. ಕ್ರೂಜ್ ಅವರಂಥವರ ವಿಷಯ ಸ್ವಲ್ಪ ಬೇರೆ. ಪೋರ್ಟೊ ರಿಕೊದ ಜನ ಅಮೆರಿಕದ ಪ್ರಜೆಗಳೇ, ಒಲಿಂಪಿಕ್ ತಂಡ ಮಾತ್ರ ಪ್ರತ್ಯೇಕ. ಮನೆತನದ ಬೇರು ಅಲ್ಲಿದ್ದರೆ ದಾರಿ ಸಲೀಸು.

ಇದರಲ್ಲಿ ನಷ್ಟ ಆಗೋದು ಯಾರಿಗೆ? ರಷ್ಯಾಕ್ಕಂತೂ ಅಲ್ಲ ಅನ್ನೋದು ನನ್ನ ಲೆಕ್ಕ. ಕರೆಸಿಕೊಂಡ ದೇಶಕ್ಕೆ ಪದಕ ಸಿಗುತ್ತೆ. ಆದರೆ ಅದೇ ದೇಶದಲ್ಲಿ ಚಿಕ್ಕಂದಿನಿಂದ ಗರಡಿಯಲ್ಲಿ ಬೆವರು ಸುರಿಸಿದ ಹುಡುಗನೊಬ್ಬ ಇದ್ದರೆ, ಅವನ ಸೀಟು ಹೋಗುತ್ತೆ. ಅವನು ಎಲ್ಲಿಗೆ ಹೋಗಬೇಕು? ನನ್ನ ರೂಮ್‌ಮೇಟ್ ಹೇಳೋದು, ವಿಶ್ವ ಚಾಂಪಿಯನ್ ಜೊತೆ ದಿನಾ ಅಭ್ಯಾಸ ಸಿಗುತ್ತಲ್ಲ, ಅದೇ ಲಾಭ ಅಂತ. ಅಕೋಸ್ಟಾಗೆ ಸಿಕ್ಕಿದ್ದೂ ಅದೇ ಲಾಭ ಅಂತ ನಾನು ನೆನಪಿಸಿದೆ.

ನಮ್ಮಲ್ಲೂ ಎರಡನೇ ರ‍್ಯಾಂಕಿನವರು ಇದ್ದಾರೆ. ಟೋಕಿಯೊದಲ್ಲಿ 57 ಕೆಜಿಯಲ್ಲೇ ಬೆಳ್ಳಿ ಗೆದ್ದಿದ್ದ ರವಿ ದಹಿಯಾ ಮತ್ತು ಅಮನ್ ಇಬ್ಬರೂ ಪಳಗಿದ್ದು ದೆಹಲಿಯ ಛತ್ರಸಾಲ್ ಸ್ಟೇಡಿಯಂನಲ್ಲಿ. ಪ್ಯಾರಿಸ್‌ಗೆ ಮುಂಚೆ ನಡೆದ ಟ್ರಯಲ್ಸ್‌ನಲ್ಲಿ ರವಿ ಅಮನ್ ಎದುರು ಸೋತರು, ಅಲ್ಲಿಗೆ ಆ ಒಲಿಂಪಿಕ್ಸ್ ಅವರ ಪಾಲಿಗೆ ಮುಗಿಯಿತು. ನಾವು ಟಿವಿ ಹಾಲ್‌ನಲ್ಲಿ ಕೂಗ್ತಿದ್ದ ಆ ರಾತ್ರಿ, ಒಲಿಂಪಿಕ್ ಬೆಳ್ಳಿ ಗೆದ್ದವರು ಭಾರತದಲ್ಲೇ ಇದ್ದರು.