ಮೇಜಿನ ಮೇಲೆ ನಿಮ್ಮದೆಷ್ಟು, ಕಚೇರಿಯದೆಷ್ಟು?

ನಮ್ಮ ತಾಯಂದಿರ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರು ಎದ್ದು ಕಾಣುತ್ತಿದ್ದುದು ಸ್ಟೀಲ್ ಪಾತ್ರೆಗಳ ಮೇಲೆ. ಮದುವೆಗೆ ಕೊಟ್ಟ ತಟ್ಟೆ, ಡಬ್ಬಿ, ಬಿಂದಿಗೆಗಳ ಅಂಚಿನಲ್ಲಿ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟ ಹೆಸರು. ಅದೂ ಎಷ್ಟೋ ಸಲ ತಂದೆಯದೋ ಗಂಡನದೋ ಆಗಿರುತ್ತಿತ್ತು. ಇಂದು ಕೋಲಾರದ ಬ್ಯಾಂಕಿನಲ್ಲಿ, ಮುಳಬಾಗಿಲಿನ ಸರಕಾರಿ ಕಚೇರಿಯಲ್ಲಿ, ಶ್ರೀನಿವಾಸಪುರದ ಉರ್ದು ಶಾಲೆಯಲ್ಲಿ, ಮಾಲೂರಿನ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಮ್ಮ ಹೆಣ್ಣುಮಕ್ಕಳು ಕುಳಿತಿದ್ದಾರೆ. ಅವರ ಮುಂದೆ ಒಂದು ಮೇಜಿದೆ. ಕೆಲವೆಡೆ ಆ ಮೇಜಿನ ಮೇಲೆ ಅವರದೇ ಹೆಸರಿನ ಫಲಕವೂ ಇದೆ.

ಆ ಮೇಜಿನ ಮೇಲೆ ಇನ್ನೇನಿರಬೇಕು? ಇದೂ ಒಂದು ಪ್ರಶ್ನೆಯೇ ಎಂದು ನೀವು ಕೇಳಬಹುದು. ಆದರೆ ದಿನಕ್ಕೆ ಎಂಟು ಗಂಟೆ ಕುಳಿತುಕೊಳ್ಳುವ ಜಾಗ ಅದು. ನಮ್ಮಲ್ಲಿ ಬಹಳಷ್ಟು ಮಹಿಳೆಯರಿಗೆ ಮನೆಯಲ್ಲಿ ತಮ್ಮದೇ ಎನ್ನುವ ಮೇಜಿಲ್ಲ. ಅಡುಗೆಮನೆಯ ಕಟ್ಟೆ ಎಲ್ಲರದು, ಮಂಚ ಮಕ್ಕಳದು, ಕಪಾಟಿನ ಒಂದು ಖಾನೆಯಷ್ಟೇ ಆಕೆಯದು.

ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ಮೊದಲ ಬಗೆಯವರು ಮೇಜನ್ನು ಮುಟ್ಟುವುದೇ ಇಲ್ಲ. ಐದು ವರ್ಷ ಕಳೆದರೂ ಯಾರದೋ ಮನೆಗೆ ಬಂದ ಅತಿಥಿಯಂತೆ ಕುರ್ಚಿಯ ತುದಿಯಲ್ಲಿ ಕುಳಿತು, ಸಂಜೆಯಾದೊಡನೆ ಕೈಚೀಲ ಎತ್ತಿಕೊಂಡು ಹೊರಡುತ್ತಾರೆ. ಎರಡನೆಯ ಬಗೆಯವರ ಮೇಜು ಮನೆಯ ಶೋಕೇಸ್ ಇದ್ದ ಹಾಗೆ. ಮಗಳ ಹುಟ್ಟುಹಬ್ಬದ ಫೋಟೊ, ಪ್ಲಾಸ್ಟಿಕ್ ಹೂ, ಎರಡು ಬೊಂಬೆ, ಮೂರು ಖಾಲಿ ಬಾಟಲಿ, ತಿಂಡಿ ಡಬ್ಬಿ. ಕಡತ ಇಡಲು ಜಾಗ ಹುಡುಕಬೇಕು.

ಈ ಎರಡರಲ್ಲಿ ನನಗೆ ಹೆಚ್ಚು ಬೇಸರ ತರಿಸುವುದು ಮೊದಲನೆಯದು. ತಾನು ಇಲ್ಲಿ ಹೆಚ್ಚು ದಿನ ಇರುವವಳಲ್ಲ ಎಂದು ಆ ಬರಿದಾದ ಮೇಜೇ ಹೇಳಿಬಿಡುತ್ತದೆ. ಸಹೋದ್ಯೋಗಿಗಳೂ ಹಾಗೆಯೇ ಎಣಿಸುತ್ತಾರೆ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹಸ್ಲಾಂ ಎಂಬವರು ನಡೆಸಿದ ಪ್ರಯೋಗಗಳ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಕೆಲವರನ್ನು ಏನೂ ಇಲ್ಲದ ಬರಿದಾದ ಕೋಣೆಯಲ್ಲಿ ಕೂರಿಸಿದರು. ಕೆಲವರಿಗೆ ತಾವೇ ಗಿಡ, ಚಿತ್ರಗಳನ್ನು ಜೋಡಿಸಿಕೊಟ್ಟರು. ಇನ್ನು ಕೆಲವರಿಗೆ ಅವೇ ವಸ್ತುಗಳನ್ನು ಕೊಟ್ಟು, ಬೇಕಾದಂತೆ ಜೋಡಿಸಿಕೊಳ್ಳಿ ಎಂದರು. ಹೀಗೆ ತಾವೇ ಜೋಡಿಸಿಕೊಂಡವರ ಕೆಲಸ ಬರಿದಾದ ಕೋಣೆಯವರಿಗಿಂತ ಶೇಕಡಾ 32ರಷ್ಟು ಹೆಚ್ಚಾಗಿತ್ತು. ನಾಲ್ಕನೆಯ ಗುಂಪೊಂದಿತ್ತು. ಅವರು ಜೋಡಿಸಿಕೊಂಡ ಮೇಲೆ ಸಂಶೋಧಕರು ಬಂದು ಎಲ್ಲವನ್ನೂ ತಮಗೆ ಸರಿಕಂಡಂತೆ ಬದಲಿಸಿಬಿಟ್ಟರು. ಅವರ ಕೆಲಸ ಕುಸಿಯಿತು. ಸೊಸೆ ಜೋಡಿಸಿದ ಅಡುಗೆಮನೆಯನ್ನು ದಿನವೂ ಬೇರೆಯವರು ಬದಲಿಸಿಡುವ ಮನೆಗಳಲ್ಲಿ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ?

ಹಾಗಾದರೆ ಬೇಕಾದ್ದನ್ನೆಲ್ಲ ಇಡಬಹುದೇ? ಇಲ್ಲಿಯೇ ಸ್ವಲ್ಪ ಯೋಚಿಸಬೇಕು.

ಮೇಜಿಗೆ ಎರಡು ಮಗ್ಗುಲು

ಒಂದು ದಿನ ನಿಮ್ಮ ಕುರ್ಚಿಯಿಂದ ಎದ್ದು, ಎದುರಿನ ಕುರ್ಚಿಯಲ್ಲಿ ಕುಳಿತು ನಿಮ್ಮ ಮೇಜನ್ನು ನೋಡಿ. ಕುರ್ಚಿ ಇಲ್ಲದಿದ್ದರೆ ನಿಂತೇ ನೋಡಿ. ಮೇಜಿನ ಒಂದು ಮಗ್ಗುಲು ನಿಮ್ಮದು. ಇನ್ನೊಂದು, ಸಂಧ್ಯಾ ಸುರಕ್ಷಾ ಅರ್ಜಿ ಹಿಡಿದು ಬೆಳಗ್ಗಿನ ಬಸ್ಸಿಗೆ ಹಳ್ಳಿಯಿಂದ ಬಂದ ಅಜ್ಜಿಯದು. ಆಕೆ ಮುಳಬಾಗಿಲು ಕಡೆಯವಳಾದರೆ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುತ್ತಾಳೆ. ಓದು ಬರುವುದಿಲ್ಲ. ಆದರೆ ನಿಮ್ಮ ಮೇಜನ್ನು ಆಕೆ ಚೆನ್ನಾಗಿ ಓದುತ್ತಾಳೆ. ಕಾಗದ ಇಡಲು ಅಂಗೈಯಗಲ ಜಾಗವಿದೆಯೇ? ಹೆಬ್ಬೆಟ್ಟು ಒತ್ತಲು ಶಾಯಿ ಪ್ಯಾಡ್ ಇದೆಯೇ? ಒತ್ತಿದ ಮೇಲೆ ಬೆರಳು ಒರೆಸಲು ಬಟ್ಟೆಯ ತುಂಡಿದೆಯೇ? ಅಥವಾ ಸೆರಗಿಗೇ ಒರೆಸಿಕೊಳ್ಳಬೇಕೇ?

ನಿಮಗೆ ಇಷ್ಟವಾದದ್ದು ನಿಮ್ಮ ಕಡೆಗೆ ಮುಖಮಾಡಿ ಇರಲಿ, ಬಂದವರಿಗೆ ಬೇಕಾದದ್ದು ಅವರ ಕಡೆಗಿರಲಿ. ಇಷ್ಟು ಪಾಲಿಸಿದರೆ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ. ಹೆಸರಿನ ಫಲಕ ಅವರ ಕಡೆಗೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮಗಳ ಫೋಟೊ ನಿಮ್ಮ ಕಡೆಗೆ.

ಫೋಟೊದ ವಿಷಯದಲ್ಲಿ ನಮ್ಮ ಹಲವು ಸಹೋದರಿಯರಿಗೆ ಹಿಂಜರಿಕೆಯಿದೆ. ಬಂದ ಹೋದವರೆಲ್ಲ ಮನೆಯ ಹೆಣ್ಣುಮಕ್ಕಳ ಮುಖ ನೋಡುವುದು ಅವರಿಗೆ ಇಷ್ಟವಿಲ್ಲ. ಅದು ನ್ಯಾಯವಾದ ಹಿಂಜರಿಕೆಯೇ. ಮಗು ಬಿಡಿಸಿದ ಒಂದು ಚಿತ್ರವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಯಾರದೆಂದು ನಿಮಗೆ ಮಾತ್ರ ಗೊತ್ತು. ನಮ್ಮ ಸರಕಾರಿ ಮೇಜುಗಳ ಮೇಲಿನ ಆ ದಪ್ಪ ಗಾಜು ಬಹಳ ಉಪಯೋಗದ ವಸ್ತು. ಕೆಳಗಿಟ್ಟದ್ದು ಧೂಳು ಹಿಡಿಯುವುದಿಲ್ಲ, ಬೀಳುವುದಿಲ್ಲ, ಜಾಗವನ್ನೂ ತಿನ್ನುವುದಿಲ್ಲ. ಆದರೆ ಅರ್ಜಿದಾರರ ಆಧಾರ್ ನಕಲು, ಪಾಸ್‌ಪೋರ್ಟ್ ಅಳತೆಯ ಫೋಟೊ, ಮೊಬೈಲ್ ಸಂಖ್ಯೆಗಳನ್ನು ಅದರ ಕೆಳಗೆ ಸೇರಿಸಬೇಡಿ. ಇನ್ನೊಬ್ಬರ ಮನೆಯ ಮಗಳ ಫೋಟೊ ಸಹ ಫೋಟೊವೇ ತಾನೇ?

ಎರಡು ದೀಪಗಳ ಕಥೆ

ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್ (ರ) ಅವರ ದೀಪದ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಕ್ರಿ.ಶ. 717ರಿಂದ 720ರವರೆಗೆ ಆಡಳಿತ ನಡೆಸಿದವರು. ರಾತ್ರಿ ರಾಜ್ಯದ ಕೆಲಸದಲ್ಲಿದ್ದಾಗ ಬಂದವರೊಬ್ಬರು ಮನೆಯವರ ಯೋಗಕ್ಷೇಮ ವಿಚಾರಿಸತೊಡಗಿದಾಗ, ಅವರು ಬೈತುಲ್‌ಮಾಲ್‌ನ ಎಣ್ಣೆಯಿಂದ ಉರಿಯುತ್ತಿದ್ದ ದೀಪ ಆರಿಸಿ ಸ್ವಂತ ದೀಪ ತರಿಸಿಕೊಂಡರೆಂದು ಹೇಳುತ್ತಾರೆ. ಇಂಥದೇ ಕಥೆಯನ್ನು ನಮ್ಮ ಕಡೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆಯೂ ಹೇಳುತ್ತಾರೆ. ಅಲ್ಲಿ ದೀಪದ ಬದಲು ಮೇಣದ ಬತ್ತಿ. ಅವರ ಹುಟ್ಟೂರು ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ಕೋಲಾರ ಜಿಲ್ಲೆಯಲ್ಲೇ ಇತ್ತು.

ಈ ಕಥೆಯನ್ನು ಹೇಳುವಾಗ ನಾವು ಆರಿಸಿದ ದೀಪದ ಬಗ್ಗೆ ಮಾತ್ರ ಮಾತಾಡುತ್ತೇವೆ. ಹಚ್ಚಿದ ದೀಪವೂ ಒಂದಿತ್ತಲ್ಲ! ಮನೆಯ ಮಾತೇ ಬೇಡ, ಎದ್ದು ಹೋಗಿ ಎಂದು ಖಲೀಫರು ಹೇಳಲಿಲ್ಲ. ತಮ್ಮ ಎಣ್ಣೆಯಲ್ಲಿ ಆ ಮಾತನ್ನೂ ಆಡಿದರು. ಕಚೇರಿಯ ಮೇಜಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತೋಚುವುದಿಲ್ಲ. ನಿಮ್ಮದು ನಿಮ್ಮ ಖರ್ಚಿನಲ್ಲಿರಲಿ, ಕಚೇರಿಯದು ಕಚೇರಿಗಿರಲಿ. (ಮಕ್ಕಳ ಪ್ರಾಜೆಕ್ಟ್‌ಗಳನ್ನು ತಿದ್ದುವಾಗ ಹಾಳೆಯ ಹಿಂದೆ ತಾಯಿಯ ಕಚೇರಿಯ ಸುತ್ತೋಲೆ ಅಚ್ಚಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಳೆಯೂ ಅಲ್ಲಿಯದೇ, ಶಾಯಿಯೂ ಅಲ್ಲಿಯದೇ!)

ಕ್ಯಾಲೆಂಡರ್‌ನ ಮಾತು ಬಂದಾಗ ಇನ್ನಷ್ಟು ಎಚ್ಚರ ಬೇಕು. ಕೋಲಾರ, ಮಾಲೂರು ಸುತ್ತಮುತ್ತ ಹೊಲಗಳು ಸೈಟುಗಳಾಗುತ್ತಿರುವುದು ಎಲ್ಲರಿಗೂ ಗೊತ್ತು. ಲೇಔಟ್‌ನವರು ಹಂಚಿದ ಮೇಜಿನ ಕ್ಯಾಲೆಂಡರ್, ಗುತ್ತಿಗೆದಾರರು ಕೊಟ್ಟ ಪೆನ್ ಸ್ಟ್ಯಾಂಡ್ ನೋಡಲು ಚೆಂದವೇ. ಜಮೀನಿನ ತಕರಾರು ಹಿಡಿದು ಬಂದ ರೈತನಿಗೆ ಅದೇ ಲೇಔಟ್‌ನ ಹೆಸರು ನಿಮ್ಮ ಮೇಜಿನ ಮೇಲೆ ಕಂಡರೆ, ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆತನ ಮನಸ್ಸಿನಲ್ಲಿ ಮುಳ್ಳು ನಾಟುತ್ತದೆ. ಉಚಿತ ಕ್ಯಾಲೆಂಡರನ್ನು ಮನೆಗೂ ತರಬೇಡಿ. ಐವತ್ತು ರೂಪಾಯಿ ಕೊಟ್ಟು ನಿಮ್ಮದೇ ಒಂದನ್ನು ಕೊಳ್ಳಿ.

ಇನ್ನು ಕಲಿಮಾ, ಆಯತ್‌ಗಳಿರುವ ಉರ್ದು ಕ್ಯಾಲೆಂಡರ್. ಅದನ್ನು ಮೇಜಿನ ಮೇಲಿಡುವುದನ್ನು ನಾನು ಒಪ್ಪುವುದಿಲ್ಲ. ಸರಕಾರಿ ಮೇಜು ಎಲ್ಲ ಧರ್ಮದವರದು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅದಬಿನದು. ಚಹಾ ಚೆಲ್ಲುವುದು, ಧೂಳು ಕೂರುವುದು, ತಿಂಗಳು ಕಳೆದೊಡನೆ ಕಸ ಗುಡಿಸುವವರು ಆ ಹಾಳೆಯನ್ನು ಕಸದ ಬುಟ್ಟಿಗೆ ಹಾಕುವುದು. ಪವಿತ್ರ ವಚನಕ್ಕೆ ಆ ಗತಿ ಏಕೆ? ಜಾನಮಾಝ್ ಮಡಚಿ ಶುಭ್ರವಾದ ಚೀಲದಲ್ಲಿ ಡ್ರಾಯರಿನಲ್ಲಿಡಿ. ರಮಝಾನಿನಲ್ಲಿ ಬಸ್ಸು ತಡವಾದರೆ ಇರಲಿ ಎಂದು ನಾಲ್ಕು ಖರ್ಜೂರವೂ ಜೊತೆಗಿರಲಿ.

ಡ್ರಾಯರ್ ಎಂದಾಗ ಒಂದು ಗಂಭೀರ ವಿಷಯ. ಕಚೇರಿಯ ಗೆಳತಿಯರು ಸೇರಿ ಚೀಟಿ ಹಾಕುವುದು, ಸೀರೆಯ ಕಂತು ಕಟ್ಟುವುದು ಎಲ್ಲ ಕಡೆಯೂ ಇದೆ. ಆ ಹಣ ಯಾರದಾದರೂ ಡ್ರಾಯರಿನಲ್ಲಿರುತ್ತದೆ. ಕರ್ನಾಟಕದ ಸರಕಾರಿ ಕಚೇರಿಗಳಲ್ಲಿ ನೌಕರರು ತಮ್ಮ ಬಳಿಯಿರುವ ಸ್ವಂತ ನಗದನ್ನು ನಗದು ಘೋಷಣೆ ವಹಿಯಲ್ಲಿ ಬರೆಯಬೇಕು. ಲೋಕಾಯುಕ್ತದವರು ಬಂದಾಗ ವಹಿಯಲ್ಲಿಲ್ಲದ ಹಣ ಡ್ರಾಯರಿನಲ್ಲಿ ಸಿಕ್ಕರೆ, ಅದು ಚೀಟಿಯ ಹಣವೆಂದು ಸಾಬೀತುಪಡಿಸುವ ಹೊಣೆ ಆ ಹೆಣ್ಣುಮಗಳ ತಲೆಯ ಮೇಲೆ. ಮನೆತನದ ಮಾನವೂ ಬೀದಿಗೆ ಬರುತ್ತದೆ. ಚೀಟಿಯ ವ್ಯವಹಾರ ಕಚೇರಿಯ ಹೊರಗಿರಲಿ. ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿಯೂ ಹಾಗೆಯೇ. ಖಜಾನೆ-2 ಆಗಲಿ, ಶಾಲೆಯ ಎಸ್‌ಎಟಿಎಸ್ ಆಗಲಿ, ನಿಮ್ಮ ಲಾಗಿನ್‌ನಲ್ಲಿ ನಡೆದದ್ದಕ್ಕೆ ಉತ್ತರ ಕೊಡಬೇಕಾದವರು ನೀವೇ.

ಗಿಡ ಇಡುವವರು ಇಡಿ. ಗಾಜಿನ ಬಾಟಲಿಯಲ್ಲಿ ಒಂದು ಮನಿಪ್ಲಾಂಟ್ ಕಣ್ಣಿಗೆ ತಂಪು. ಆದರೆ ಅದು ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂಬ ಪ್ರಚಾರವನ್ನು ನಂಬಬೇಡಿ. ಅಂಥ ಪರಿಣಾಮ ಬರಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಕನಿಷ್ಠ 10 ಗಿಡಗಳಾದರೂ ಬೇಕೆಂದು 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ ಹೇಳಿದ್ದಾರೆ. ಬಾಟಲಿಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಿ. ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ನಿಮ್ಮ ಮೇಜೇ ತೊಟ್ಟಿಲು.

ಟೀಚರ್ ಮೇಜು

ನನ್ನ ವೃತ್ತಿಯ ಮೇಜಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಕ್ಷಮಿಸಿ. ನಲಿ-ಕಲಿ ತರಗತಿಯಲ್ಲಿ ಶಿಕ್ಷಕಿ ಮಕ್ಕಳ ಜೊತೆ ನೆಲದ ಮೇಲೆಯೇ ಕೂರುವುದರಿಂದ ಅಲ್ಲಿ ಮೇಜಿಗೆ ಬೆಲೆಯಿಲ್ಲ. ಮೇಲಿನ ತರಗತಿಗಳಲ್ಲಿ ಆ ಮೇಜೇ ಮಕ್ಕಳ ಕಣ್ಣಿನ ಕೇಂದ್ರ. ನಲವತ್ತು ಜೊತೆ ಕಣ್ಣುಗಳು ವರ್ಷವಿಡೀ ಅದನ್ನೇ ನೋಡುತ್ತಿರುತ್ತವೆ.

ಮಾಲೂರು ಕಡೆ ಮಕ್ಕಳು ಗುಲಾಬಿ ತರುತ್ತಾರೆ. ಶ್ರೀನಿವಾಸಪುರದಲ್ಲಿ ಬೇಸಿಗೆ ರಜೆಗೆ ಮುನ್ನ ಜೇಬಿನಲ್ಲಿ ಮಾವಿನಕಾಯಿ ಬರುತ್ತದೆ, ಜೊತೆಗೆ ಕಾಗದದಲ್ಲಿ ಕಟ್ಟಿದ ಉಪ್ಪುಖಾರ. ಸೆಪ್ಟೆಂಬರ್ 5ರಂದು ಶುಭಾಶಯ ಪತ್ರಗಳ ರಾಶಿ. ಅವುಗಳಲ್ಲಿ ಚೆಂದದ್ದೊಂದನ್ನು ಆರಿಸಿ ಮೇಜಿನ ಮೇಲೆ ನಿಲ್ಲಿಸುವುದು ಸಹಜ. ಆದರೆ ಅಂಗಡಿಯಿಂದ ಕೊಂಡ ಮಿನುಗುವ ಪತ್ರ ಮೇಜಿನ ಮೇಲೂ, ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ ಪತ್ರ ಡ್ರಾಯರಿನಲ್ಲೂ ಉಳಿದರೆ ಏನಾಗುತ್ತದೆ? ಕೂಲಿಗೆ ಹೋಗುವ ತಾಯಿಯ ಮಗು ಮರುವರ್ಷ ಪತ್ರವನ್ನೇ ತರುವುದಿಲ್ಲ. ಒಂದು ಹಗ್ಗ ಕಟ್ಟಿ ಎಲ್ಲವನ್ನೂ ಗೋಡೆಗೆ ತೂಗುಹಾಕುವುದು, ಅಥವಾ ದಿನಕ್ಕೊಂದರಂತೆ ಸರದಿಯಲ್ಲಿ ಮೇಜಿನ ಮೇಲಿಡುವುದು ಉತ್ತಮ. ನಲವತ್ತು ದಿನವೂ ಮೇಜು ಹೊಸದಾಗಿರುತ್ತದೆ. ಸ್ವಂತ ಮಗ ಅಥವಾ ಮಗಳ ಫೋಟೊವನ್ನು ತರಗತಿಯ ಮೇಜಿನ ಮೇಲೆ ಇಡದಿರುವುದೇ ವಾಸಿ. ತಾಯಿಯಿಲ್ಲದ ಮಕ್ಕಳೂ ಆ ನಲವತ್ತರಲ್ಲಿರುತ್ತಾರೆ. ಫೋಟೊ ಸಿಬ್ಬಂದಿ ಕೋಣೆಯ ಕಪಾಟಿನಲ್ಲಿರಲಿ.

ಬೆತ್ತ ಮಾತ್ರ ಮೇಜಿನ ಮೇಲೂ ಬೇಡ, ಕೆಳಗೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಆದರೂ ‘ಹೆದರಿಸಲು ಇರಲಿ’ ಎಂದು ಇಟ್ಟುಕೊಳ್ಳುವವರಿದ್ದಾರೆ.

ಮೇಜೇ ಇಲ್ಲದವರು

ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಬೆಳಗಿನ ಜಾವ ಕಂಪೆನಿ ಬಸ್ಸು ಹತ್ತುವ ನಮ್ಮ ಹುಡುಗಿಯರಿಗೆ ಈ ಮಾತುಗಳೆಲ್ಲ ಸಲ್ಲುವುದಿಲ್ಲ. ಎಲೆಕ್ಟ್ರಾನಿಕ್ಸ್ ಜೋಡಣೆಯ ಸಾಲಿನಲ್ಲಿ ಕೂತವರ ಮುಂದೆ ಸ್ವಂತದ್ದೇನೂ ಇಡುವಂತಿಲ್ಲ. ಅದಕ್ಕೆ ಕಾರಣವಿದೆ. ಪ್ಲಾಸ್ಟಿಕ್ ತುಂಡು, ನೈಲಾನ್ ಬಟ್ಟೆಗಳಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ನಮ್ಮ ಕೈಗೆ ತಿಳಿಯದಷ್ಟು ಅಲ್ಪವಾದರೂ ಸೂಕ್ಷ್ಮ ಚಿಪ್ ಕೆಟ್ಟುಹೋಗಲು ಸಾಕು. ಆ ವಿದ್ಯುತ್ತು ನೆಲಕ್ಕೆ ಹರಿದುಹೋಗಲೆಂದೇ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಅವರಿಗೆ ಉಳಿಯುವುದು ಲಾಕರ್ ಬಾಗಿಲಿನ ಒಳಮೈ ಮಾತ್ರ. ಅಲ್ಲಿ ಒಂದು ಚಿತ್ರ ಅಂಟಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೆಲಸಕ್ಕೆ ಸೇರುವಾಗಲೇ ಕೇಳಿನೋಡಿ. ಕೇಳುವುದರಲ್ಲಿ ನಾಚಿಕೆಯೇನಿದೆ?

ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಕೆಲವರ ಪಾಡು ಇನ್ನೊಂದು ಬಗೆ. ಅವರ ಕಚೇರಿಗಳಲ್ಲಿ ಇಂದು ಒಂದು ಮೇಜು, ನಾಳೆ ಇನ್ನೊಂದು. ಅಂಥವರು ಒಂದು ಸಣ್ಣ ಬಟ್ಟೆಚೀಲದಲ್ಲಿ ಪೆನ್ನು, ಲೋಟ, ಬಟ್ಟೆಯ ತುಂಡು, ಒಂದು ಚಿತ್ರ ಇಟ್ಟುಕೊಂಡರೆ ಎಲ್ಲಿ ಬಿಚ್ಚಿದರೆ ಅಲ್ಲೇ ಅವರ ಮೇಜು.

ಖಾಯಂ ಮೇಜಿರುವ ಸರಕಾರಿ ನೌಕರರಿಗೂ ವರ್ಗಾವಣೆ ತಪ್ಪಿದ್ದಲ್ಲ. ನಿಮ್ಮ ಸ್ವಂತದ್ದೆಲ್ಲ ಒಂದೇ ಕೈಚೀಲದಲ್ಲಿ ಹಿಡಿಯುವಷ್ಟಿದ್ದರೆ ಸಾಕು. ಆದೇಶ ಬಂದ ದಿನ ಚಾರ್ಜ್ ಪಟ್ಟಿಗೆ ಸಹಿ ಹಾಕುವ ಮೊದಲು ಗಾಜಿನ ಕೆಳಗಿನ ಚಿತ್ರ ತೆಗೆದುಕೊಳ್ಳಿ, ಡ್ರಾಯರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಿಡವನ್ನು ಬೇಕಾದರೆ ಮುಂದೆ ಬರುವವರಿಗೆ ಬಿಟ್ಟುಹೋಗಿ, ನೀರು ಬದಲಿಸಬೇಕಾದ ವಾರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು.