ತೋಟಾ ಯಾವುದು, ಗುಂಡು ಯಾವುದು?

ತೋಟಾ, ಗುಂಡು ಎರಡೂ ಒಂದೇ ಎಂದು ನಾವು ಮಾತಿನಲ್ಲಿ ಬೆರೆಸಿಬಿಡುವುದುಂಟು. ಹಿತ್ತಾಳೆಯ ಕೋಶ, ಮದ್ದು, ಗುಂಡು ಎಲ್ಲವೂ ಸೇರಿದ್ದು ತೋಟಾ. ಹಾರಿಹೋಗುವುದು ಗುಂಡು ಮಾತ್ರ. ಅಮೆರಿಕದ ಪೆನ್ಸಿಲ್ವೇನಿಯಾದ ರೈತನಿಗೆ ಈ ಭೇದ ಬಹು ಮುಖ್ಯ. ಅಲ್ಲಿ ವುಡ್‌ಚಕ್ ಎಂಬ ಬಿಲವಾಸಿ ಪ್ರಾಣಿ ಸೋಯಾ ಅವರೆಯನ್ನು ಮೇದು, ಹೊಲದಲ್ಲೆಲ್ಲ ಬಿಲ ತೋಡುತ್ತದೆ. ಅದನ್ನು ಎಷ್ಟೋ ವೇಳೆ ಮುನ್ನೂರು ಗಜ ದೂರದಿಂದ ಹೊಡೆಯಬೇಕಾಗುತ್ತದೆ.

ಹೆಚ್ಚು ಹೊತ್ತು ಹಾರಿದಷ್ಟೂ ಗುಂಡು ಕೆಳಗಿಳಿಯುತ್ತದೆ. ಅರ್ಧ ಸೆಕೆಂಡಿಗೆ ಸುಮಾರು 4 ಅಡಿ. ಆದ್ದರಿಂದ ವೇಗ ಬೇಕು. 1935ರಲ್ಲಿ ಬಂದ 220 ಸ್ವಿಫ್ಟ್ ತೋಟಾ 48 ಗ್ರೇನಿನ, ಎಂದರೆ ಸುಮಾರು 3 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 4,000 ಅಡಿಗೂ ಮಿಕ್ಕ ವೇಗದಲ್ಲಿ ಹಾರಿಸಿತು. ಆದರೆ ಹಗುರವಾದ ಗುಂಡನ್ನು ಅಡ್ಡಗಾಳಿ ಬೇಗ ಸರಿಸುತ್ತದೆ. ಗಾಳಿಯ ಬಯಲಿಗೆ 1955ರ 243 ವಿಂಚೆಸ್ಟರ್ ತೋಟಾದ ತುಸು ಭಾರವಾದ, ನೀಳವಾದ ಗುಂಡೇ ಲೇಸು.

ಗುಂಡಿನ ತಾಮ್ರದ ಹೊದಿಕೆ ತೆಳುವಾಗಿರಬೇಕು. ಆಗ ಅದು ತಾಗಿದೊಡನೆ ಚೂರಾಗುತ್ತದೆ. ಸರಿಯಾಗಿ ತಾಗಿದರೆ ಪ್ರಾಣಿ ಹೆಚ್ಚು ನರಳದೆ ಸಾಯುತ್ತದೆ. ಗುರಿ ತಪ್ಪಿದರೂ ಗುಂಡು ನೆಲದಿಂದ ಪುಟಿದು ನೆರೆಮನೆಯತ್ತ ಹಾರುವ ಭಯ ಕಡಿಮೆ. ಕಡಿಮೆಯೆಂದೆನೇ ಹೊರತು ಇಲ್ಲವೆನ್ನಲಿಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ, ಯಾವ ತೋಟಾ ಇದ್ದರೂ ಕುದುರೆ ಎಳೆಯದಿರುವುದೇ ವಿವೇಕ.